ತಲೆಯ ಮೇಲಿಂದ ಕಿವಿ

ನಮ್ಮ ದಂಡೋತಿಯಲ್ಲಿ ಆಗ ಯಾರ ಮಗು ಯಾವತ್ತು ಹುಟ್ಟಿತೆಂದು ಬರೆದಿಡುವವರಿರಲಿಲ್ಲ. ಹೊಳೆ ಉಕ್ಕಿದ ವರ್ಷ, ಬಿಳಿ ಎತ್ತು ಸತ್ತ ವರ್ಷ, ಹೀಗೆ ಲೆಕ್ಕ. ಅದಕ್ಕೇ ಸಾಲಿ ಮಾಸ್ತರರು ವಯಸ್ಸನ್ನು ಕೈಯಿಂದ ಅಳೆಯುತ್ತಿದ್ದರು. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಬೆರಳು ತಾಗಿದರೆ ಸಾಲಿಗೆ ಬಂತು. ತಾಗದಿದ್ದರೆ ಇನ್ನೊಂದು ವರ್ಷ ಬೆಲ್ಲ ತಿಂದುಕೊಂಡು ಮನೆಯಲ್ಲಿರಲಿ.

ನನ್ನ ಹಿರಿಯ ಮಗನ ಕೈ ಯಾವಾಗಲೂ ಕಿವಿಯ ಮೇಲೇ. ಎರಡೂ ಕೈ, ಎರಡೂ ಕಿವಿ. ನಾನು ರೊಟ್ಟಿ ಬಡಿಯಲು ಕುಳಿತರೆ ಮುಚ್ಚಿಕೊಳ್ಳುತ್ತಿದ್ದ, ಎತ್ತಿನ ಕೊರಳ ಗಂಟೆ ಕೇಳಿದರೆ ಮುಚ್ಚಿಕೊಳ್ಳುತ್ತಿದ್ದ. ಮಾತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಪಡಸಾಲೆಯ ಫರಸಿ ಕಲ್ಲಿನ ಮೇಲೆ ಕೆನ್ನೆಯಿಟ್ಟು, ಎರಡು ಕಲ್ಲು ಕೂಡುವ ಗೆರೆಯನ್ನೇ ನೋಡುತ್ತ ಮಧ್ಯಾಹ್ನವೆಲ್ಲ ಮಲಗಿರುತ್ತಿದ್ದ. ಈಗ ಮೊಮ್ಮಗಳು ಅದಕ್ಕೆ ಆಟಿಸಂ ಎನ್ನುತ್ತಾಳೆ. ಆಗ ಹೆಸರಿರಲಿಲ್ಲ. ಹಾಗಾಗಿ ಓಣಿಯವರು ಬಾಯಿಗೆ ಬಂದದ್ದನ್ನು ಇಟ್ಟರು. ಮೂಕ ಎಂದರು, ಗಾಳಿ ಬಡಿದವ ಎಂದರು. ಒಳ್ಳೆಯ ಮನಸ್ಸಿನವರು ದೇವರ ಕೂಸು ಎಂದರು.

ಅವನಿಗೆ ಕಾಗಿಣಾ ಹೊಳೆಯ ಹುಚ್ಚು. ಕಣ್ಣು ತಪ್ಪಿದರೆ ನೀರಿನ ಕಡೆಗೆ ಓಟ. ನಾನು ಕಳೆ ತೆಗೆಯಲು ಹೊಲಕ್ಕೆ ಹೋದಾಗ ಅತ್ತೆ ಹಳೆಯ ಸೀರೆಯ ಪಟ್ಟಿಯಿಂದ ಅವನ ಸೊಂಟವನ್ನು ಕಂಬಕ್ಕೆ ಕಟ್ಟುತ್ತಿದ್ದರು. ಮೆತ್ತಗಿನ ಸೀರೆ, ಸಡಿಲ ಗಂಟು. ಆದರೂ ಸಂಜೆ ಬಂದವಳು ಕಾಲು ತೊಳೆಯುವ ಮೊದಲೇ ಅದನ್ನು ಬಿಚ್ಚುತ್ತಿದ್ದೆ. ಸಾಲಿಗೆ ಹೋದರೆ ಮಾತು ಬರುತ್ತದೆಂದು ನಾನು ಆಸೆಪಟ್ಟವಳಲ್ಲ. ಹಗಲೆಲ್ಲ ಕಂಬಕ್ಕೆ ಅಂಟಿಕೊಂಡಿರುವ ಬದಲು ಮಕ್ಕಳ ನಡುವೆ ಕುಳಿತಿರಲಿ ಎಂದಷ್ಟೇ.

"ಕಿವಿ ಮುಟ್ಟಲಿಕ್ಕ ಇವಂಗ ಯಾರ ಕಲಸಬೇಕ?" ಎಂದು ಅತ್ತೆ ನಕ್ಕರು. "ಹುಟ್ಟಿದಾಗಿಂದ ಅದೇ ನೌಕರಿ ಮಾಡಾಕತ್ಯಾನ."

ನಕ್ಕರೇನು, ಮುಟ್ಟಬೇಕಾದದ್ದು ನೆತ್ತಿಯ ಮೇಲಿಂದ. ಕೈ ಹಿಡಿದು ಎತ್ತಿದರೆ ಮೈ ಕಟ್ಟಿಗೆಯಾಗುತ್ತಿತ್ತು, ಚೀರುತ್ತಿದ್ದ. ಬೆಲ್ಲ ತೋರಿಸಿದೆ, ನೋಡಲಿಲ್ಲ. ಕೊನೆಗೆ ಉಪಾಯ ಹುಡುಕಿದವರು ಅತ್ತೆಯೇ. ಅವನನ್ನು ಮುಟ್ಟಲಿಲ್ಲ, ಕರೆಯಲಿಲ್ಲ. ಅವನು ಮಲಗಿದ್ದ ಕಲ್ಲಿನ ಪಕ್ಕದಲ್ಲಿ ತಾವೂ ಕೆನ್ನೆಯಿಟ್ಟು ಮಲಗಿ, ಬಳೆ ಸದ್ದಾಗದಂತೆ ಕೈ ಎತ್ತಿ, ತಲೆಯ ಮೇಲಿಂದ ಕಿವಿ ಮುಟ್ಟಿಕೊಂಡರು. ದಿನಾ ಅದೇ. ಕೆಂಡ ಕೇಳಲು ಬಂದ ನೆರೆಯವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಯಾಕಬೇ ಆಯಿ, ಈ ವಯಸ್ಸಿನ್ಯಾಗ ಸಾಲಿಗಿ ಹೊಂಟೀಯೇನ್?"

"ಹೌದವಾ. ಮಾಸ್ತರ ಭಾಳ ಚಂದ ಅದಾನಂತ," ಎಂದರು ಅತ್ತೆ, ಮಲಗಿದಲ್ಲಿಂದಲೇ.

ಬೇಸಿಗೆ ಕಳೆದು ಮೊದಲ ಮಳೆ ಬೀಳುವ ಹೊತ್ತಿಗೆ, ಒಂದು ಮಧ್ಯಾಹ್ನ, ಅವನ ಬಲಗೈ ತಾನಾಗಿ ಎದ್ದು ನೆತ್ತಿಯನ್ನು ದಾಟಿ ಎಡಗಿವಿಗೆ ತಾಗಿತು. ಅತ್ತೆ ಮಿಸುಕಲಿಲ್ಲ. ಕಣ್ಣಲ್ಲಿ ಮಾತ್ರ ನೀರು. ಅವತ್ತು ಗೋಧಿ ಹುಗ್ಗಿ ಮಾಡಿದೆವು. ಕಿವಿ ಮುಟ್ಟಿದನೆಂದರೆ ಸಾಲಿ ಕಲಿತಂತೆಯೇ ಎಂದು ಮನೆಯವರಿಗೆಲ್ಲ ಅನ್ನಿಸಿಬಿಟ್ಟಿತ್ತು. ಕಂಬದ ಸೀರೆಪಟ್ಟಿಯನ್ನು ಬಿಚ್ಚಿ, ಅದರಿಂದಲೇ ಬರೆಯುವ ಪಾಟಿ ಇಡುವ ಚೀಲ ಹೊಲಿದೆ.

ನಿಜಾಮರ ಆಳಿಕೆ ಹೋಗಿ ಊರಿಗೆ ಕನ್ನಡ ಸಾಲಿ ಬಂದು ಬಹಳ ಕಾಲವಾಗಿರಲಿಲ್ಲ. ಮಾಸ್ತರರು ಚಿತ್ತಾಪುರದವರು. ತಾವು ಉರ್ದುವಿನಲ್ಲಿ ಓದಿದ್ದರೂ ಕನ್ನಡ ಕಲಿಸುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಉರ್ದುವಿಗೆ ಹೊರಳುತ್ತಿದ್ದರು. ವಾಡಿಯಿಂದ ತರಿಸಿದ ರೈಲು ಹಳಿಯ ತುಂಡೊಂದನ್ನು ಬೇವಿನ ಮರಕ್ಕೆ ತೂಗುಹಾಕಿದ್ದರು. ಅದೇ ಸಾಲಿಯ ಗಂಟೆ.

ಮಗನ ಹಣೆಗೆ ವಿಭೂತಿ ಹಚ್ಚಿ, ಹುಡುಗರಿಗೆ ಹಂಚಲು ಕೊಬ್ಬರಿ ಸಕ್ಕರೆ ಕಟ್ಟಿಕೊಂಡು, ಬೆಳಗಿನ ಗಂಟೆ ಆದ ಮೇಲೆ ಕರೆದೊಯ್ದೆ. ಮಾಸ್ತರರು ಬಾಯಿ ತೆರೆಯುವ ಮೊದಲೇ ಅವನ ಕೈ ನೆತ್ತಿ ದಾಟಿತ್ತು.

"ಶಹಬ್ಬಾಸ್," ಎಂದರು ಅವರು. "ಬಿಟ್ಟು ಹೋಗವಾ. ನಾ ನೋಡ್ಕೋತೀನಿ."

ಮನೆಗೆ ಮರಳುವಾಗ ನನ್ನ ಕೈಯಲ್ಲಿ ಯಾರ ಕೈಯೂ ಇರಲಿಲ್ಲ. ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡೆ.

ಮಧ್ಯಾಹ್ನದ ಬಿಡುವಿಗೆ ಹಳಿ ಬಾರಿಸಿದ ಸದ್ದು ನಮ್ಮ ಮನೆಯವರೆಗೂ ಬಂತು. ಜೋಳ ಬೀಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆ ಸದ್ದನ್ನು ನಾವಿಬ್ಬರೂ ದಿನಾ ಕೇಳುತ್ತಿದ್ದೆವು. ಅವನು ಅದರ ಬುಡದಲ್ಲಿ ಕುಳಿತು ಕೇಳಬೇಕಾಗುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಮಾಸ್ತರರೇ ಹೊತ್ತು ತಂದರು. ಅವನ ಹಣೆಯ ವಿಭೂತಿ ರಕ್ತದಲ್ಲಿ ಕಲಸಿಹೋಗಿತ್ತು. ಅವರ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು. ಪಾಟಿ ಮಾತ್ರ ಅವನ ಕೈಯಲ್ಲೇ ಇತ್ತು.

"ಗ್ವಾಡಿಗಿ ಹಣಿ ಬಡಕೊಂಡಾನವಾ. ಹಿಡಿಲಿಕ್ಕ ಹೋದ್ರ ಇನ್ನಾ ಜೋರ."

"ಗಂಟಿ ಬಾರಸಬ್ಯಾಡ್ರಿ ಮಾಸ್ತರ್ರ," ಎಂದೆ. "ಹುಡುಗರಿಗಿ ಕೂಗಿ ಬಿಡ್ರಿ."

"ಗಂಟಿ ಇಲ್ಲದ ಸಾಲಿ ಯಾವ ಊರಾಗ ಅದ, ಯವ್ವಾ?" ಅವರು ನನ್ನ ಕಡೆ ನೋಡಲಿಲ್ಲ. "ಉಳದ ಹುಡುಗರು ಅಂಜ್ಯಾರ. ನಾಳಿಗಿ ಕಳಸಬ್ಯಾಡ."

ಅವರ ಬಾಯಿಂದ ಒಂದು ಉರ್ದು ಮಾತೂ ಬರಲಿಲ್ಲ. ಬಂದಿದ್ದರೆ ನಾನೂ ಜಗಳಕ್ಕೆ ನಿಲ್ಲಬಹುದಿತ್ತು. ಅತ್ತೆ ಅವರ ಮಣಿಕಟ್ಟಿಗೆ ಅರಿಶಿನ ಹಚ್ಚಿ ಕಳುಹಿಸಿದರು.

ಹೊಲದ ಕಳೆ ನಮಗಾಗಿ ಕಾಯುತ್ತಿರಲಿಲ್ಲ. ಹಳೆಯ ಪಟ್ಟಿ ಚೀಲಕ್ಕೆ ಹೋಗಿತ್ತು, ಇನ್ನೊಂದು ಸೀರೆ ಹರಿದೆ. ನಾನು ಗಂಟು ಹಾಕುವಾಗ ಅತ್ತೆ, "ಸಡಿಲ ಇರಲಿ, ಸಡಿಲ ಇರಲಿ," ಎನ್ನುತ್ತಲೇ ಇದ್ದರು.

ಆಮೇಲೆ ಸಾಲಿಯ ಹಳಿ ಸದ್ದಾದಾಗಲೆಲ್ಲ ಅವನು ಕಂಬದ ಬುಡದಲ್ಲಿ ಎದ್ದು ಕೂರುತ್ತಿದ್ದ. ಮುಂಚಿನಂತೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. ಎಡಗೈಯಲ್ಲಿ ಪಾಟಿ. ಬಲಗೈ ನೆತ್ತಿಯ ಮೇಲಿಂದ ಹಾದು, ನಾವು ಕಲಿಸಿದಂತೆ, ಎಡಗಿವಿಯ ಮೇಲೆ. ಬಲಗಿವಿ ತೆರೆದೇ ಇರುತ್ತಿತ್ತು. ಸದ್ದು ನಿಲ್ಲುವವರೆಗೆ ಮೈಯೆಲ್ಲ ನಡುಗುತ್ತಿದ್ದ, ಆದರೆ ಕೈ ಇಳಿಸುತ್ತಿರಲಿಲ್ಲ. ಆ ಕಿವಿಯನ್ನು ನಾನು ಮುಚ್ಚಲು ಹೋದರೆ ತಳ್ಳುತ್ತಿದ್ದ.

ಮನೆಯಲ್ಲಿದ್ದ ದಿನ ಆ ಹೊತ್ತಿಗೆ ಅವನ ಬಲಬದಿಗೆ ಹೋಗಿ, ಸದ್ದಿಗೆ ಅಡ್ಡವಾಗಿ, ಮುಟ್ಟದೆ ಕುಳಿತುಕೊಳ್ಳುತ್ತಿದ್ದೆ. ಸದ್ದು ನನ್ನನ್ನೂ ದಾಟಿಕೊಂಡೇ ಹೋಗುತ್ತಿತ್ತು.