ಅವ್ವ ಬಸ್ಸಿನಲ್ಲಿ ತಂದ ಹಿತ್ತಲು

ಕಳೆದ ಶನಿವಾರ ಸಂಜೆ ಜಮಖಂಡಿಯಿಂದ ರಬಕವಿಯ ತವರುಮನೆಗೆ ಹೋದೆ. ಹಿತ್ತಲ ಬಾಗಿಲು ತೆಗೆದರೆ ಮಲ್ಲಿಗೆ ಗಿಡದ ನೆತ್ತಿಯ ಮೇಲೆ ಸುಣ್ಣದ ಗೆರೆ!

ಬಿಳಿ ಗೆರೆ. ನೆಟ್ಟಗೆ. ಈ ಗೋಡೆಯಿಂದ ಹೊರಟು, ಬದನೆ ಮಡಿ ದಾಟಿ, ಮಲ್ಲಿಗೆಯನ್ನು ಹತ್ತಿ ಇಳಿದು, ನಿಂಬೆ ಗಿಡದ ಬುಡ ಸವರಿಕೊಂಡು ಆ ಗೋಡೆ ಮುಟ್ಟಿತ್ತು. ಕಟ್ಟಡದ ಪಾಯ ತೋಡುವ ಮೊದಲು ಎಳೆಯುತ್ತಾರಲ್ಲ, ಅಂಥದು. ಎಳೆದವನಿಗೆ ಗಿಡ ಕಂಡಿರಲಿಲ್ಲವೋ, ಕಂಡೂ ಎಳೆದನೋ?

“ಯವ್ವಾ, ಏನಬೇ ಇದು?” ಎಂದೆ.

ಅವ್ವ ಮೊಗ್ಗು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ನಿಮ್ಮಣ್ಣ ಇಲ್ಲಿ ಶೆಡ್ ಹಾಕತಾನಂತ. ನಾಳಿ ಗೌಂಡಿ ಬರತಾನ.”

ರಾತ್ರಿ ಮಳೆ ಬರಬಹುದು ಅನ್ನುವ ದನಿಯಲ್ಲಿ ಹೇಳಿದಳು. ನಾನು ನೇರವಾಗಿ ಅಣ್ಣನ ಬಳಿ ಹೋದೆ.

ಅಣ್ಣನನ್ನು ಕೆಟ್ಟವನು ಎಂದುಕೊಳ್ಳಬೇಡಿ. ಮಹಾದೇವಣ್ಣ ನಮ್ಮ ಮನೆಯ ದುಡಿಯುವ ಕೈ. ಮನೆಯ ಮುಂಭಾಗದಲ್ಲಿ ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯಿಸುತ್ತಾನೆ. ಅವನು, ಅವನ ಹೆಂಡತಿ ನಮ್ಮ ವೈನಿ, ಮಕ್ಕಳು, ಅವ್ವ, ನೂಲಿನ ಕಂಡಿಕೆ ಸುತ್ತಲು ಬರುವ ಓಣಿಯ ಹೆಣ್ಣುಮಕ್ಕಳು, ಎಲ್ಲರ ಊಟವೂ ಆ ಖಟಖಟ ಸದ್ದಿನಲ್ಲೇ ಇದೆ. ಈಗ ಹೊಸ ಮಗ್ಗಗಳನ್ನು ಕೂಡಿಸಬೇಕು. ಜಾಗವಿಲ್ಲ. ಹಿತ್ತಲು ಖಾಲಿ ಇದೆ. (ಅವನ ಲೆಕ್ಕದಲ್ಲಿ ಗಿಡ ಇರುವ ಜಾಗ ಅಂದರೆ ಖಾಲಿ ಜಾಗ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ.)

“ಮಗ್ಗ ಹೆಚ್ಚಾದ್ರ ನಾಕು ಮಂದಿಗೆ ಕೆಲಸಾ ಆಗತೈತಿ ತಂಗಿ,” ಎಂದ ಅಣ್ಣ. “ಹೂವಿನ ಗಿಡ ಕುಂಡ್ಯಾಗ ಹಚ್ಚಿದ್ರ ಆತು.”

ಸುಳ್ಳೇನು ಹೇಳಿದ?

ಮರುದಿನ ಭಾನುವಾರ. ಎಲ್ಲರಿಗಿಂತ ಮೊದಲು ಎದ್ದು ಚಹದ ಲೋಟ ಹಿಡಿದು ಹಿತ್ತಲಿಗೆ ಹೋದೆ. ಕೊನೆಯ ಸಲ ನೋಡುವವರ ಹಾಗೆ ಕೂತೆ.

ಚೈತ್ರದ ಬೆಳಗು ನಮ್ಮ ಕಡೆ ಬಹಳ ಹೊತ್ತು ಇರುವುದಿಲ್ಲ. ಒಂಬತ್ತಕ್ಕೆಲ್ಲ ಬಿಸಿಲು ಬೆನ್ನು ಸುಡುತ್ತದೆ. ಅದಕ್ಕೆ ಮೊದಲಿನ ಸ್ವಲ್ಪ ಹೊತ್ತಿದೆಯಲ್ಲ, ಅದು ಮಾತ್ರ ಬಂಗಾರ. ಗೋಡೆಯಾಚೆಯ ಬೇವು ಹೂ ಉದುರಿಸಿ ನಮ್ಮ ಬದನೆ ಎಲೆಗಳ ಮೇಲೆ ಹಿಟ್ಟು ಚೆಲ್ಲಿದಂತೆ ಮಾಡಿತ್ತು. ಕರಿಬೇವು ಚಿಗುರಿತ್ತು. ನಿಂಬೆಗೆ ಈ ವರ್ಷವೇ ಮೊದಲ ಹೂವು. ಜೇನುಹುಳುಗಳು ಆಗಲೇ ಡ್ಯೂಟಿಗೆ ಹಾಜರಾಗಿದ್ದವು. ಗುಬ್ಬಿಯೊಂದು ಮಗ್ಗದ ಮನೆಯಿಂದ ಹಾರಿಬಂದ ಅರಳೆಯ ಎಳೆ ಕಚ್ಚಿಕೊಂಡು ಗೂಡಿನತ್ತ ಹೊರಟಿತ್ತು. ಹಸಿಮಣ್ಣಿನ ವಾಸನೆ. ಅವ್ವ ಆಗಲೇ ನೀರುಣಿಸಿ ಹೋಗಿದ್ದಾಳೆ ಅಂತಾಯಿತು. ಮೊದಲು ಎದ್ದವಳು ನಾನು ಎಂದುಕೊಂಡಿದ್ದೆ!

ನನ್ನ ಬಾಲ್ಯದಲ್ಲಿ ಇಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಅಪ್ಪ ನೂಲಿಗೆ ಬಣ್ಣ ಹಾಕುವವರು. ಇದೇ ಹಿತ್ತಲಲ್ಲಿ ಹಂಡೆಗಳು ಕುದಿಯುತ್ತಿದ್ದವು. ಬಿದಿರಿನ ಗಳಗಳ ಮೇಲೆ ಒದ್ದೆ ನೂಲಿನ ಲಡಿಗಳು ಸಾಲಾಗಿ ತೂಗುತ್ತಿದ್ದವು. ಕೆಂಪು, ಹಳದಿ, ನೀಲಿ, ಹಸಿರು. ಗಾಳಿ ಬೀಸಿದರೆ ಹಿತ್ತಲೇ ತೂಗಿದಂತೆ. ನಾನು, ಅಣ್ಣ ಆ ಲಡಿಗಳ ನಡುವೆ ಮುಟ್ಟಾಟ ಆಡುತ್ತಿದ್ದೆವು. ಶಾಲೆಗೆ ಹೋದರೆ ಹುಡುಗಿಯರು ನನ್ನ ಪಾದ ನೋಡಿ, “ನಿಮ್ಮ ಮನ್ಯಾಗ ಇವತ್ತ ಹಸರು ಹೌದಿಲ್ಲೋ?” ಎನ್ನುತ್ತಿದ್ದರು. ಅಪ್ಪನ ಕೈಗಳನ್ನು ಮೊಣಕೈವರೆಗೆ ನೋಡಿದರೆ ಸಾಕು, ಆ ವಾರ ಪೇಟೆಯಲ್ಲಿ ಯಾವ ಬಣ್ಣದ ಸೀರೆ ಓಡುತ್ತಿದೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಬೇರೆಯವರ ಬಾಲ್ಯದ ವಸಂತದಲ್ಲಿ ಹೂವುಗಳಿರುತ್ತವೆ. ನಮ್ಮದರಲ್ಲಿ ನೂಲಿತ್ತು. ಕಡಿಮೆ ಏನಾಯಿತು?

ಆದರೆ ಲಡಿಯಿಂದ ಸೋರಿದ ನೀರೆಲ್ಲ ನೆಲಕ್ಕೇ ಇಳಿಯುತ್ತಿತ್ತು. ವರ್ಷಗಟ್ಟಲೆ ಕುಡಿದ ನೆಲ ಗಟ್ಟಿಯಾಯಿತು, ಸಿಮೆಂಟಿನ ಹಾಗೆ. ಮುಂದೆ ಬಣ್ಣದ ನೂಲು ಸಿದ್ಧವಾಗಿಯೇ ಬರತೊಡಗಿ ಅಪ್ಪನ ಹಂಡೆಗಳು ಮೂಲೆ ಸೇರಿದವು. ಕೆಲವು ವರ್ಷಗಳಲ್ಲಿ ಅಪ್ಪನೂ ಹೋದರು. ಆ ವರ್ಷದ ಮಳೆಗಾಲದಲ್ಲಿ ಅವ್ವ ಒಂದು ಮಲ್ಲಿಗೆ ಕಡ್ಡಿ ನೆಟ್ಟಳು. ಒಣಗಿತು. ಇನ್ನೊಂದು ನೆಟ್ಟಳು. ಅದೂ ಒಣಗಿತು. ನೋಡಲು ಬಂದ ಓಣಿಯ ಹಿರಿಯರೊಬ್ಬರು ನೆಲ ಕೆದರಿ, “ಇದು ಸತ್ತ ನೆಲಾ ಐತಬೇ, ಬಿಟ್ಟಬಿಡು,” ಎಂದರು.

“ಸತ್ತಿದ್ರ ಸಾಯಲಿ,” ಎಂದಳು ಅವ್ವ. “ಇದರ ಮ್ಯಾಲೆ ಇನ್ನೊಂದು ಹಾಸತೇನಿ.”

ನಾವು ನಕ್ಕೆವು. ನೆಲ ಏನು ಚಾಪೆಯೇ?

ಅವ್ವನ ತವರು ಚಿಕ್ಕಪಡಸಲಗಿ. ಕೃಷ್ಣೆಯ ದಂಡೆ. ನಮ್ಮ ಸೋದರಮಾವನ ಹೊಲದ ಮಣ್ಣು ಎಂದರೆ ಕಾಡಿಗೆಯ ಹಾಗೆ ಕಪ್ಪು. ತವರಿಗೆ ಹೋದ ಹೆಣ್ಣುಮಕ್ಕಳು ಬರುವಾಗ ಏನು ತರುತ್ತಾರೆ? ಜೋಳ, ಶೇಂಗಾ, ಉಪ್ಪಿನಕಾಯಿ. ನಮ್ಮವ್ವ ಮಣ್ಣು ತರತೊಡಗಿದಳು. ಪ್ರತಿ ಸಲ ಒಂದು ಚೀಲ. ಬಸ್ಸಿನಲ್ಲಿ!

ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿ ನೋಡಿ, “ಇದರಾಗ ಏನೈತಬೇ ಯವ್ವಾ?” ಎಂದ.

“ಮಣ್ಣು.”

“ಮಣ್ಣಾ? ರಬಕವ್ಯಾಗ ಮಣ್ಣು ಸಿಗಂಗಿಲ್ಲೇನು?”

ಬಸ್ಸಿನ ತುಂಬ ನಗು. ನನಗೆ ಕಿಟಕಿಯಿಂದ ಹಾರಿಬಿಡೋಣ ಅನ್ನಿಸಿತು. ಅವ್ವ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: “ನಮ್ಮ ಊರಿನ ಮಂದಿ ಯಾರ ದಾರಿನೂ ನೋಡ್ಲಿಲ್ಲ. ತಾವ ಹೋಗಿ ಹೊಳಿಗೆ ಒಡ್ಡು ಹಾಕ್ಯಾರ. ಆ ಊರಿನಾಕಿ ನಾ. ಒಂದು ಹಿತ್ತಲಾ ಮಾಡೂದು ನನಗೇನು ದೊಡ್ಡದಲ್ಲ. ಲಗೇಜ್ ಟಿಕೇಟ್ ಹರಿ.”

ನಗು ನಿಂತಿತು. ರೈತರೇ ಸೇರಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಮಾವನೂ ಅಲ್ಲಿ ದುಡಿದವನೇ. ಕಂಡಕ್ಟರ್ ಟಿಕೆಟ್ ಹರಿಯಲಿಲ್ಲ. ರಬಕವಿಯಲ್ಲಿ ತಾನೇ ಚೀಲ ಇಳಿಸಿಕೊಟ್ಟ.

ಹೀಗೆ ವರ್ಷಗಟ್ಟಲೆ ಮಣ್ಣು ಬಂತು. ಮಣ್ಣಿನ ಜೊತೆ ಮಗ್ಗದ ಕೆಳಗೆ ಗುಡಿಸಿದ ಅರಳೆಯ ಧೂಳು, ಕಾಯಿಪಲ್ಲೆಯ ಸಿಪ್ಪೆ, ಕುರಿಗಳು ಓಣಿಯಲ್ಲಿ ಹಾದುಹೋದರೆ ಅವುಗಳ ಹಿಕ್ಕೆ, ಯಾವುದನ್ನೂ ಅವ್ವ ಹೊರಗೆ ಚೆಲ್ಲಲು ಬಿಡಲಿಲ್ಲ. ಮಹಾಲಿಂಗಪುರದ ಸಂತೆಗೆ ಹೋದರೆ ಬೆಲ್ಲದ ಜೊತೆ ಕಬ್ಬಿನ ಸಿಪ್ಪೆಯನ್ನೂ ಕಟ್ಟಿಸಿಕೊಂಡು ಬರುವಳು. ಕೊನೆಗೆ ಮಾವನಿಗೇ ನಾಚಿಕೆಯಾಗಿ ಒಂದು ಟ್ರಾಲಿ ಮಣ್ಣು ಕಳಿಸಿದ. (ಅವ್ವ ಅದನ್ನು ಮುಟ್ಟಿ ನೋಡಿ, “ಕಲ್ಲು ಬಾಳ ಅದಾವು,” ಎಂದು ಜರಡಿ ಹಿಡಿಸಿ ಹಾಕಿಸಿದಳು. ತವರು ಎಂದು ರಿಯಾಯಿತಿ ಇಲ್ಲ!) ಮೊದಲು ಪುಂಡಿಪಲ್ಯ ಹುಟ್ಟಿತು. ಆಮೇಲೆ ಮೆಂತ್ಯ. ಆಮೇಲೆ ಬದನೆ. ಮಲ್ಲಿಗೆ ಎಲ್ಲಕ್ಕಿಂತ ತಡವಾಗಿ ಒಪ್ಪಿಕೊಂಡಿತು.

ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಬಿಸಿಲೇರಿ, ಒಳಗೆ ಮಗ್ಗಗಳು ಶುರುವಾಗಿದ್ದವು. ಫಕ್ಕನೆ ಆ ಸದ್ದು ನಿಂತಿತು. ಲೈಟ್ ಹೋಗಿತ್ತು. ನಮ್ಮೂರಿನಲ್ಲಿ ಕರೆಂಟು ಹೋದರೆ ಕತ್ತಲೆಗಿಂತ ಮೊದಲು ಮೌನ ಬರುತ್ತದೆ. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಉಸಿರು ಹಿಡಿದಂತೆ.

ಎರಡು ನಿಮಿಷಕ್ಕೆ ಹಿತ್ತಲ ಬಾಗಿಲು ತೆರೆಯಿತು. ಕಂಡಿಕೆ ಸುತ್ತುವ ಕಸ್ತೂರಿ ಮತ್ತವಳ ಗೆಳತಿಯರು ತಲೆಗೆ ಹತ್ತಿದ ಅರಳೆ ಝಾಡಿಸಿಕೊಳ್ಳುತ್ತ ಬಂದರು. ನಿಂಬೆಯ ನೆರಳು ಹಿಡಿದು ಕೂತರು. ಒಬ್ಬಳು ಕಾಲು ಚಾಚಿದಳು. ಒಬ್ಬಳು ಮೊಗ್ಗು ಪೋಣಿಸತೊಡಗಿದಳು. ಒಬ್ಬಳು ಕಣ್ಣು ಮುಚ್ಚಿದಳು. ಅವ್ವ ಎಲ್ಲರಿಗೂ ಚಹ ತಂದಳು.

ಅದೇ ಹೊತ್ತಿಗೆ ಅಣ್ಣ ಮನೆ ಕಟ್ಟುವ ಗೌಂಡಿ ರಾಜೇಸಾಬನನ್ನು ಕರೆದುಕೊಂಡು ಬಂದ. ಕೈಯಲ್ಲಿ ಟೇಪು. ರಾಜೇಸಾಬ ಹೆಣ್ಣುಮಕ್ಕಳನ್ನು ಕಂಡು ಟೇಪು ಬಿಚ್ಚಲು ಹಿಂದೆ ಮುಂದೆ ನೋಡಿದ.

“ಅಣ್ಣಾರ, ಇಲ್ಲಿ ಶೆಡ್ ಆದ್ರ ಲೈಟ್ ಹೋದಾಗ ನಾವೆಲ್ಲಿ ಕುಂದ್ರೂದ್ರಿ?” ಎಂದಳು ಕಸ್ತೂರಿ.

“ಶೆಡ್ಡಿನಾಗ ಕುಂದರ್ರಿ.”

“ಅಲ್ಲಿ ಲೈಟ್ ಇರಂಗಿಲ್ಲಲ್ರಿ!”

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆದರೆ ನಿರ್ಧಾರ ಬದಲಿಸುವ ನಗು ಅದಾಗಿರಲಿಲ್ಲ. “ಬೇ, ಸಿಟ್ಟಾಗಬ್ಯಾಡ,” ಎಂದು ಅವ್ವನ ಕಡೆ ತಿರುಗಿದ. “ಜಾಗಾ ಬೇಕಾಗೇತಿ.”

ಅವ್ವ ಅಳುತ್ತಾಳೆ ಎಂದುಕೊಂಡೆ. ಜಗಳವಾದರೂ ಆಡಲಿ ಎಂದುಕೊಂಡೆ. ಅವ್ವ ಚಹದ ಕಪ್ಪು ಕೆಳಗಿಟ್ಟಳು.

“ಹಾಕಪಾ. ನಾ ಎಲ್ಲಿ ಬ್ಯಾಡ ಅಂದೆ? ನಿಮ್ಮಪ್ಪ ಬಿಟ್ಟು ಹ್ವಾದ ಜಾಗಾ, ನಿಂದ ಐತಿ. ಆದ್ರ ಮ್ಯಾಲಿನ ಮಣ್ಣು ನಂದು. ಅದನ್ನಷ್ಟು ತಗದು ನನಗ ಕೊಡು. ಆಮ್ಯಾಲೆ ಏನರ ಕಟ್ಟು.”

ಅಣ್ಣ ಹಗುರಾದ. “ಇಷ್ಟ ಹೌದಿಲ್ಲೋ? ರಾಜೇಸಾಬ, ಅವ್ವನ ಮಣ್ಣು ಎಷ್ಟೈತಿ ನೋಡು. ನಾಕು ಬುಟ್ಟಿ ಆಗಬಹುದು.”

ರಾಜೇಸಾಬ ಗಿಡವಿಲ್ಲದ ಮೂಲೆ ನೋಡಿ ಸಲಿಕೆ ಹಾಕಿದ. ಕರಿ ಮಣ್ಣು. ಮತ್ತೆ ಹಾಕಿದ. ಕರಿ ಮಣ್ಣು, ಎರೆಹುಳು. ಮೊಣಕಾಲುದ್ದ ಇಳಿದರೂ ಮಣ್ಣು ಬೆಣ್ಣೆಯಂತೆ ಬರುತ್ತಲೇ ಇತ್ತು. ಅಣ್ಣನ ಮುಖದ ನಗು ಸಣ್ಣದಾಗುತ್ತ ಹೋಯಿತು. ಕೊನೆಗೆ ಸಲಿಕೆ ಠಣ್ ಎಂದಿತು.

“ಅಣ್ಣಾರ, ಇದೇನ್ರಿ ಇದು? ರಂಗೋಲಿ ಹಾಕಿದಂಗ ಐತಿ!”

ನಾವೆಲ್ಲ ಬಗ್ಗಿ ನೋಡಿದೆವು. ಸಲಿಕೆಯ ಏಟಿಗೆ ಸೀಳಿದ ಕುಣಿಯ ತಳದಲ್ಲಿ ಬಣ್ಣಗಳಿದ್ದವು. ಒಂದು ಪದರು ತುಕ್ಕುಗೆಂಪು. ಅದರಡಿ ಅರಿಶಿನದ ಛಾಯೆ. ಅದರಡಿ ನೀಲಿ. ಗಟ್ಟಿ ನೆಲದೊಳಗೆ, ಸೀರೆಯ ಅಂಚಿನ ಹಾಗೆ, ಒಂದರ ಕೆಳಗೊಂದು.

ಅಣ್ಣ ಚಪ್ಪಲಿ ಬಿಟ್ಟು ಕುಣಿಯೊಳಗಿಳಿದ. ಕುಕ್ಕರಗಾಲಿನಲ್ಲಿ ಕೂತು ನೀಲಿ ಹೆಂಟೆಯೊಂದನ್ನು ಕಿತ್ತು, ನೀರು ತಾಗಿಸಿ ಉಜ್ಜಿದ. ಬೆರಳಿಗೆ ತೆಳ್ಳಗೆ ಬಣ್ಣ ಹತ್ತಿತು.

“ಅಪ್ಪಂದು,” ಎಂದ. ಅಷ್ಟೇ. ಮೀಸೆ ನೆರೆತ ನನ್ನ ಅಣ್ಣ, ನೂಲಿನ ಲಡಿಗಳ ನಡುವೆ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದ ಹುಡುಗನಂತೆ ಕಂಡ.

ಅವ್ವ ಅಂಚಿಗೆ ಬಂದು ಬಗ್ಗಿದಳು. ಹೆಂಟೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದಳು. “ನವಿಲು ಬಣ್ಣ. ನೀ ಹುಟ್ಟಿದ ವರ್ಷ ಇದೊಂದ ಓಡ್ತು ನೋಡು. ನಿಮ್ಮಪ್ಪಗ ಬ್ಯಾರೆ ಬಣ್ಣ ಹಾಕಾಕ ಪುರಸೊತ್ತಿರಲಿಲ್ಲ. ನಿನ್ನ ತೊಟ್ಟಲಕ್ಕೂ ನೀಲಿ ಕೈಲೆ ಹಗ್ಗಾ ಕಟ್ಟಿದ್ರು.”

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಜೇಸಾಬ ಸಲಿಕೆಯನ್ನು ಗೋಡೆಗೆ ಆನಿಸಿ ದೂರ ಸರಿದು ನಿಂತ.

ಅಣ್ಣ ಅವ್ವನ ಕೈಯಿಂದ ಹೆಂಟೆ ತೆಗೆದುಕೊಂಡು ಮತ್ತೆ ಇದ್ದಲ್ಲೇ ಇಟ್ಟ. ಮೇಲೆದ್ದು ಬಂದವನು ಅವ್ವನ ಮುಖ ನೋಡಲಿಲ್ಲ, ಗೌಂಡಿಯನ್ನು ಕೇಳಿದ: “ರಾಜೇಸಾಬ, ಮನಿ ಮ್ಯಾಲ ಮಗ್ಗ ಹಾಕಾಕ ಬರತೈತೇನು?”

“ಮಗ್ಗ ಮ್ಯಾಲ ಬ್ಯಾಡ್ರಿ, ಮನಿ ನಡಗತೈತಿ. ನೀವು ಮ್ಯಾಲ ಹೋಗ್ರಿ, ಮಗ್ಗ ಕೆಳಗ ಹಾಕ್ರಿ. ಅಡಗಿ ಮನಿ, ಪಡಸಾಲಿ ಮ್ಯಾಲ ಕಟ್ಟಿ ಕೊಡತೇನಿ.”

ಬಾಗಿಲಲ್ಲಿ ನಿಂತಿದ್ದ ವೈನಿಯ ಮುಖ ಅರಳಿತು. ಹೊಸ ಅಡುಗೆಮನೆಗೆ ಅವಳು ಎಷ್ಟು ವರ್ಷದಿಂದ ಅರ್ಜಿ ಹಾಕಿದ್ದಳೋ! “ಕಿಡಕಿ ಹಿತ್ತಲದ ಕಡೆ ಇಡ್ರಿ,” ಎಂದು ಅಲ್ಲಿಂದಲೇ ಆರ್ಡರ್ ಕೊಟ್ಟಳು.

ಆ ಕುಣಿಯನ್ನು ಮುಚ್ಚಲು ಅಣ್ಣ ಯಾರಿಗೂ ಬಿಡಲಿಲ್ಲ. ತಾನೇ ಸಲಿಕೆ ಹಿಡಿದ. ಕೆಳಗೆ ಅಪ್ಪನ ಬಣ್ಣ, ಮೇಲೆ ಅವ್ವನ ಮಣ್ಣು, ನಡುವೆ, ಬದನೆ ಮಡಿಯಲ್ಲಿ ತಾನೇ ಮೊಳೆತಿದ್ದ ಒಂದು ಮಾವಿನ ಸಸಿ. ಮಣ್ಣು ಒತ್ತಿ, ನೀರು ಹಾಕಿ, ಬೆವರು ಒರೆಸಿಕೊಂಡ. ಲೈಟ್ ಬಂತು. ಮಗ್ಗಗಳು ಶುರುವಾದವು. ಹೆಣ್ಣುಮಕ್ಕಳು ಮುಡಿಗೆ ಮಲ್ಲಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು.

ನಾನು ಮತ್ತು ಅವ್ವ ಉಳಿದೆವು. ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ನಿಂಬೆ ಹೂವಿನ ಹತ್ತಿರ ಮೂಗು ಒಯ್ದು, “ಛಲೋ ವಾಸನಿ ಐತಿ,” ಎಂದಳು. ನಾನೂ ಮೂಸಿದೆ. ಹೌದು, ಬಹಳ ಛಲೋ ಇತ್ತು. ಎಷ್ಟೋ ದಿನಗಳಿಂದ ಮನಸ್ಸು ಅಷ್ಟು ಸಾವಕಾಶವಾಗಿ ಕೂತಿರಲಿಲ್ಲ. ಏನೂ ಬೇಕೆನಿಸಲಿಲ್ಲ. ಮೊಬೈಲು ಎಲ್ಲಿದೆ ಎಂದೂ ನೆನಪಾಗಲಿಲ್ಲ. ಇಂಥ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ್ದೇನೆ ಎಂದು ಸುಮ್ಮನೆ ಹೆಮ್ಮೆಪಟ್ಟುಕೊಂಡು ಕೂತಿದ್ದೆ. (ಹೆಮ್ಮೆ ಪಡಲು ನಾನೇನು ಮಾಡಿದ್ದೇನೆ ಎಂದು ಕೇಳಬೇಡಿ. ಮಕ್ಕಳಿಗೆ ಅಷ್ಟು ಹಕ್ಕಿದೆ.)

ಸೋಮವಾರ ಬೆಳಿಗ್ಗೆ ನಾನು ಜಮಖಂಡಿಗೆ ಹೊರಡುವ ಹೊತ್ತಿಗೆ ಮಹಾರಾಷ್ಟ್ರದ ಇಚಲಕರಂಜಿಯ ನೂಲಿನ ವ್ಯಾಪಾರಿಯೊಬ್ಬರು ಬಂದಿದ್ದರು. ಮೊದಲ ಸಲ ಮನೆಗೆ ಬಂದವರು. ಅಣ್ಣ ಅವರನ್ನು ಪಡಸಾಲೆಯಲ್ಲಿ ಕೂರಿಸದೆ ನೇರವಾಗಿ ಹಿತ್ತಲಿಗೇ ಕರೆದೊಯ್ದ. ಅವರು ಮಲ್ಲಿಗೆ ನೋಡಿದರು, ಬದನೆ ನೋಡಿದರು, ಗಿಡಗಳ ನಡುವೆ ಬಗ್ಗಿ ಕಳೆ ಕೀಳುತ್ತಿದ್ದ ಅವ್ವನನ್ನು ನೋಡಿದರು.

“ನಿಮ್ಮ ಆಯಿ ಹೊಲಾ ಮಾಡತಾರೇನ್ರಿ?” ಎಂದು ಕೇಳಿದರು.

ಅಣ್ಣ ಎದೆಯುಬ್ಬಿಸಿ ಹೇಳಿದ: “ಹೊಲಾ ಅಲ್ರೀ, ನಮ್ಮವ್ವ ನೆಲಾ ಮಾಡತಾಳ.”