ಆಗಿಹೋದದ್ದಕ್ಕೂ ಕೈ ಮುಗಿಯುವುದು

ತೊಂಬತ್ತರ ದಶಕದ ಮೊದಲ ವರ್ಷಗಳು. ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವವರ ಮಗ್ಗದ ಮನೆ. ನನ್ನ ಗಂಡ ಮಾತ್ರ ನೇಯ್ಗೆ ಬಿಟ್ಟು ಶಂಕಗಿರಿಯ ಲಾರಿಯೊಂದಕ್ಕೆ ಡ್ರೈವರಾಗಿದ್ದರು. ಒಂದು ಮಧ್ಯಾಹ್ನ ಬೀದಿ ಕೊನೆಯ ಟೆಲಿಫೋನ್ ಬೂತಿನವರು ಓಡಿಬಂದು, "ಲಾರಿ ಕವುಂದುಡ್ಚಾಮ್ಮಾ" ಎಂದು ತಮಿಳಿನಲ್ಲಿ ಅಂದರು, ಲಾರಿ ಮಗುಚಿಬಿತ್ತಂತೆ ಅಂತ. ಆಗಿದ್ದು ಬೆಳಗಿನ ಜಾವ, ತೊಪ್ಪೂರು ಘಾಟಿಯಲ್ಲಿ. ಡ್ರೈವರನ್ನು ಧರ್ಮಪುರಿ ಆಸ್ಪತ್ರೆಗೆ ಒಯ್ದಿದ್ದಾರೆ ಎನ್ನುವುದು ಬಿಟ್ಟರೆ ಅವರಿಗೂ ಹೆಚ್ಚೇನೂ ಗೊತ್ತಿರಲಿಲ್ಲ.

ಅತ್ತೆ ಮಗ್ಗದಿಂದ ಎದ್ದು ಬಂದು ದೇವರ ಮುಂದೆ ದೀಪ ಹಚ್ಚಿದರು. "ಕೈ ಮುಗಿ ಬಾ" ಅಂದರು. ನನಗೆ ಸಿಟ್ಟು ಬಂತು.

"ಆಗೋದು ಬೆಳಿಗ್ಗೆನೇ ಆಗೋಗೈತೆ ಅತ್ತೆ. ಈಗ ಬೇಡ್ಕೊಂಡು ಏನ್ ಬಂತು?"

"ಬೆಳಿಗ್ಗೆ, ಮದ್ಯಾನ ಎಲ್ಲಾ ನಮಗೆ ಕಣವ್ವ. ಸಾಮಿಗೆಲ್ಲೈತೆ ಗಡಿಯಾರ? ನೀನು ಈಗ ಕೇಳ್ಕೊಳ್ಳೋದು ಅವನಿಗೆ ಆಗ್ಲೇ ಕೇಳ್ಸಿರ್ತದೆ. ಮುಗಿ."

ಅವರು ಆಗಲೇ ಕಣ್ಣು ಮುಚ್ಚಿ ಕೈ ಜೋಡಿಸಿದ್ದರು. ಅವರನ್ನು ನೋಡಿ ನಾನೂ ಮುಗಿದೆ.

ನಾವಿಬ್ಬರೂ ಆಸ್ಪತ್ರೆಗೆ ಹೋದಾಗ ನನ್ನ ಗಂಡ ಮುರಿದ ಕೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದರು. ಕುರಿ ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ಕೂಗಿ ಜನ ಸೇರಿಸಿದಳಂತೆ. ಆ ಜನ ಗಾಜು ಒಡೆದು ಇವರನ್ನು ಎಳೆದು ರಸ್ತೆಗೆ ಹಾಕಿದ ಮೇಲೆಯೇ ಲಾರಿ ಕಣಿವೆಗೆ ಜಾರಿತಂತೆ. ದೀಪದ ಮುಂದೆ ನಡೆದ ನಮ್ಮ ವಾದವನ್ನು ಹೇಳಿದಾಗ ಇವರು ನಕ್ಕುಬಿಟ್ಟರು.

"ನೀವು ದೀಪ ಹಚ್ಚೋ ಹೊತ್ಗೆ ನಾನಿಲ್ಲಿ ಇಡ್ಲಿ ತಿಂತಿದ್ದೆ."

"ತಿನ್ನಾಕೆ ನೀನಿದ್ದೆಯಲ್ಲಪ್ಪ" ಎಂದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೆಲವು ದಿನಗಳ ಮೇಲೆ ನಾನೂ ಅತ್ತೆಯೂ ಇವರನ್ನು ಮನೆಗೆ ಕರೆತರುವಾಗ, ಬಸ್ಸಿನಲ್ಲಿ ನನಗೆ ನನ್ನ ಅವ್ವ ನೆನಪಾದಳು. ಮೇಚೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ಎಲ್ಲರೂ ಸಂತೆಗೆ ಹೋಗಿದ್ದ ದಿನ, ಜ್ವರದಲ್ಲಿ ಒಬ್ಬಳೇ ಮಲಗಿ ತೀರಿಕೊಂಡವಳು. ನಾನಾಗ ತೀರಾ ಚಿಕ್ಕವಳು, ಅಪ್ಪನ ಹೆಗಲ ಮೇಲೆ ಸಂತೆಯಲ್ಲಿದ್ದೆ. ಕೊನೆಗೆ ನೀರು ಕೊಡುವವರೂ ಇರಲಿಲ್ಲವಲ್ಲ ಎನ್ನುವುದು ಮದುವೆಯಾಗಿ ಬಂದ ಮೇಲೂ ನನ್ನನ್ನು ಕೊರೆಯುತ್ತಿತ್ತು.

ಅತ್ತೆಯನ್ನು ಮೆಲ್ಲಗೆ ಕೇಳಿದೆ: "ಆವತ್ತು ನಮ್ಮವ್ವನ ಪಕ್ಕ ಸಾಮಿ ಕೂತಿರ್ಲಿ ಅಂತ ಇವತ್ತು ಬೇಡ್ಕೋಬೋದಾ?"

ಅತ್ತೆ ನನ್ನ ಕಡೆ ತಿರುಗಿದರು. "ಬೇಡ್ಕೋ ಮಗಾ. ನಾನೂ ಬೇಡ್ಕೋತೀನಿ" ಎಂದು ನನ್ನ ಕೈ ಹಿಡಿದುಕೊಂಡರು.

ದೇವರು ನಮ್ಮ ಕಾಲದ ಆಚೆ ಇದ್ದಾನೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಆದರೆ ಆ ಬಸ್ಸಿನಲ್ಲಿ, ಅವ್ವ ಹೋದ ಎಷ್ಟೋ ವರ್ಷಗಳ ಮೇಲೆ, ನಾವಿಬ್ಬರೂ ಅವಳ ಪಕ್ಕ ಹೋಗಿ ಕೂತೆವು. ಆ ದಾರಿ ತೋರಿಸಿದ ಅತ್ತೆಯ ಋಣ ದೊಡ್ಡದು.