ಬಾಟಲಿಯಲ್ಲಿ ಅಮ್ಮನ ಗುಲಾಬಿ

ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬಾಟ್ಲಿ ಅಕ್ಕ ಎಂದೇ. ಹದಿನಾಲ್ಕು ವರ್ಷದಿಂದ ಒಂದೇ ಕೆಲಸ: ಚಿಮಟವನ್ನು ಬೆಂಕಿಗೆ ಹಿಡಿದು, ಗಿಡದ ಚೂರನ್ನು ಬಾಟಲಿಯೊಳಗಿನ ಗಂಜಿಯಂಥ ಆಹಾರದಲ್ಲಿ ನೆಡುವುದು. ಉಸಿರು ತಾಗಿದರೂ ಬೂಷ್ಟು ಹಿಡಿಯುತ್ತದೆಂದು ಮಾಸ್ಕು; ಮಾತಿಗೆ ಅವಕಾಶವಿಲ್ಲ. ಸಂಜೆ ಮಹಡಿಯ ಕೋಣೆಗೆ ಮರಳಿದರೆ ಅಲ್ಲೂ ಮಾತಾಡಿಸುವವರಿರಲಿಲ್ಲ. ಕೆಲವು ದಿನ ಅಂಗಡಿಯಲ್ಲಿ "ಅರ್ಧ ಲೀಟರ್ ಹಾಲು" ಎಂದದ್ದಷ್ಟೇ ಅವಳ ಮಾತು.

ಒಮ್ಮೆ, ತಾನು ಬೆಳೆದ ಬಾಡಿಗೆ ಮನೆಯ ಮುಂದೆ ಹಾದುಹೋಗುವಾಗ, ಅಂಗಳಕ್ಕೆ ಸಿಮೆಂಟು ಹಾಕಲು ತಯಾರಿ ನಡೆದಿತ್ತು. ಗೋಡೆಗೆ ಹಬ್ಬಿದ್ದ ಗುಲಾಬಿ ಅಮ್ಮ ನೆಟ್ಟದ್ದು. ಕಾಂಡ ಮಣಿಕಟ್ಟಿನಷ್ಟು ದಪ್ಪ. ಅಮ್ಮ ಹೋಗಿ ಆರು ವರ್ಷವಾಗಿತ್ತು.

"ನಾಲ್ಕು ಕಡ್ಡಿ ಕೊಡ್ತೀರಾ?" ಮಾಲೀಕನನ್ನು ಕೇಳಿದಳು.

"ಕಡ್ಡಿ ನೆಟ್ರೆ ಇದು ಬರಲ್ಲಮ್ಮ. ನಿಮ್ಮಮ್ಮನೇ ಎಷ್ಟು ಸಲ ನೋಡಿದ್ರು!"

"ನಾನು ಬೇರೆ ಥರ ನೋಡ್ತೀನಿ."

ಪ್ರಯೋಗಾಲಯದ ಮೇಡಂ ಮೂಲೆಯ ಕಪಾಟಿನ ಒಂದು ಹಲಗೆ ಬಿಟ್ಟುಕೊಟ್ಟರು. "ಬೂಷ್ಟು ಬಂದ್ರೆ ಮುಲಾಜಿಲ್ದೆ ಎಸೀತೀನಿ, ನೋಡಿ."

ಆ ಕಡ್ಡಿಗಳ ಮೂವತ್ತು ಚಿಗುರುಗಣ್ಣುಗಳನ್ನು ತೊಳೆದು ನೆಟ್ಟಳು. ಇಪ್ಪತ್ತು, ಕತ್ತರಿಸಿದಲ್ಲಿ ಒಸರಿದ ತಮ್ಮದೇ ರಸಕ್ಕೆ ಕಪ್ಪಾಗಿ ಸತ್ತವು, ಎಂಟಕ್ಕೆ ಬೂಷ್ಟು ಬಂತು. ಎರಡು ಹಸಿರಾಗಿ ಉಳಿದವು. ಅವನ್ನೇ ತಿಂಗಳು ತಿಂಗಳು ಕತ್ತರಿಸಿ ಹೆಚ್ಚಿಸಿದಳು. ಬೇರು ಬಂದದ್ದು ಒಂಬತ್ತಕ್ಕೆ. ಮಣ್ಣಿಗಿಳಿಸಿ, ಪ್ಲಾಸ್ಟಿಕ್ ಹೊದಿಸಿ, ಹೊರಗಿನ ಗಾಳಿಯನ್ನು ಇಷ್ಟಿಷ್ಟೇ ರೂಢಿ ಮಾಡಿಸಿದಾಗ ಆರು ಬದುಕಿದವು. ಅಷ್ಟರಲ್ಲಿ ವರ್ಷ ಕಳೆದಿತ್ತು, ಹಳೆಯ ಗಿಡ ಇರಲಿಲ್ಲ.

ದೂರದೂರಿನ ತಂಗಿಗೆ ಫೋನು ಮಾಡಿದಳು. "ಅಮ್ಮನ ಗುಲಾಬಿ ಕಣೇ! ನಿಂಗೊಂದು ಕಳಿಸ್ಲಾ?"

"ನಮ್ಮನೇಲಿ ಬಿಸಿಲೇ ಬೀಳಲ್ಲ ಅಕ್ಕಾ. ಎಲ್ಲಿಡ್ಲಿ? ಅಲ್ಲೇ ಯಾರಿಗಾದ್ರೂ ಕೊಟ್ಬಿಡು. ಫೋನ್ ಇಡ್ಲಾ, ಹಾಲು ಉಕ್ಕುತ್ತೆ."

ಫೋನು ಕೈಯಲ್ಲಿ ಹಿಡಿದೇ ಬಾಟ್ಲಿ ಅಕ್ಕ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಳು. ಮರುದಿನ ಐದು ಗಿಡ ಜೊತೆಯವರಿಗೆ ಹಂಚಿ, ಒಂದನ್ನು ತಾರಸಿಯಲ್ಲಿಟ್ಟಳು.

ಅದು ಹೂ ಬಿಟ್ಟದ್ದು ಇನ್ನೆರಡು ವರ್ಷಕ್ಕೆ: ಅದೇ ಮಾಸಲು ಹಳದಿ, ಅಂಚಿಗೆ ಕೆಂಪು. ಫೋಟೊ ಕಳಿಸಿದಳು. ಎರಡು ದಿನ ಬಿಟ್ಟು ತಂಗಿಯ ಧ್ವನಿ ಸಂದೇಶ ಬಂತು: "ಇದನ್ನ ಮೂಸಿ ನೋಡೋಕೆ ಅಮ್ಮ ಸ್ಟೂಲ್ ಹತ್ತುತಿದ್ಲು, ಅಲ್ವಾ?"

ಬಾಟ್ಲಿ ಅಕ್ಕ ಅದನ್ನು ನಾಲ್ಕು ಸಲ ಕೇಳಿದಳು. "ಸ್ಟೂಲ್ ಹಿಡ್ಕೋತಿದ್ದೋಳು ನಾನು," ಎಂದು ಬರೆದಳು.

ಭಾನುವಾರ ತಂಗಿಯೇ ಫೋನು ಮಾಡಿದಳು. ಗಿಡದ ಸುದ್ದಿಯೇ ಎತ್ತಲಿಲ್ಲ. ಗಂಡನ ಗೊರಕೆ, ಮಗಳ ಪರೀಕ್ಷೆ, ತನ್ನ ಸೊಂಟನೋವು. ಬಾಟ್ಲಿ ಅಕ್ಕ ಮುಕ್ಕಾಲು ಗಂಟೆ ತಾರಸಿಯ ಗೋಡೆಗೊರಗಿ, ಹೂಂ ಹೂಂ ಎನ್ನುತ್ತ ಕೇಳಿದಳು.